‘ಕನ್ಸರ್ವೇಟಿವ್ ಟ್ರೀಟ್‌ಮೆಂಟ್’ ಅಂದರೆ ಸಂಪ್ರದಾಯದ ಚಿಕಿತ್ಸೆಯಲ್ಲ

‘ಕನ್ಸರ್ವೇಟಿವ್’ ಎಂಬ ಇಂಗ್ಲಿಷ್ ಪದಕ್ಕೆ ನಿಘಂಟಿನ ಮೊದಲ ಅರ್ಥವನ್ನೇ ಹಿಡಿದಿದ್ದೀರಿ ಅನ್ನಿಸುತ್ತದೆ. ಅದಕ್ಕೇ ವೈದ್ಯರ ವರದಿಯ ‘ಕನ್ಸರ್ವೇಟಿವ್ ಟ್ರೀಟ್‌ಮೆಂಟ್’ ನಿಮ್ಮ ಅನುವಾದದಲ್ಲಿ ‘ಸಂಪ್ರದಾಯವಾದಿ ಚಿಕಿತ್ಸೆ’ ಆಗಿದೆ. ಓದಿದವರು ಹಳೆ ಕಾಲದ ಔಷಧಿ ಅಂದುಕೊಳ್ಳುತ್ತಾರೆ, ಅಲ್ವಾ? ಅಲ್ಲಿರುವ ಅರ್ಥ ಬೇರೆ: ಆಪರೇಷನ್ ಮಾಡದೆ ಮಾತ್ರೆ, ವಿಶ್ರಾಂತಿ, ವ್ಯಾಯಾಮದಿಂದ ವಾಸಿ ಮಾಡಲು ನೋಡುವುದು. ‘ಆಪರೇಷನ್ ಇಲ್ಲದ ಚಿಕಿತ್ಸೆ’ ಎಂದು ಬಿಡಿಸಿ ಬರೆಯಿರಿ.

ಉಳಿದ ಕಡೆ ‘ಕನ್ಸರ್ವೇಟಿವ್’ ಬಂದರೆ ಮೊದಲು ಪಕ್ಕದ ಪದ ನೋಡಿ. ಅದು ‘ಎಸ್ಟಿಮೇಟ್’ ಆದರೆ ‘ಕಡಿಮೆಯೆಂದರೂ ಇಷ್ಟು’ ಅನ್ನಿ. ಅಂದಾಜನ್ನು ಬೇಕೆಂದೇ ತಗ್ಗಿಸಿ ಹೇಳಿರುತ್ತಾರೆ. ಬ್ರಿಟನ್ನಿನ ರಾಜಕೀಯದಲ್ಲಿ ಮೊದಲ ಅಕ್ಷರ ದೊಡ್ಡದಿದ್ದರೆ ಸಾಮಾನ್ಯವಾಗಿ ಅದು ಪಕ್ಷದ ಹೆಸರು, ಹಾಗೇ ಬಿಡಿ. ವ್ಯಕ್ತಿಯ ಸ್ವಭಾವಕ್ಕೆ ‘ಸಂಪ್ರದಾಯವಾದಿ’ ಸರಿ. ಆದರೆ ಅದು ಹೊಗಳಿಕೆಯೋ ಟೀಕೆಯೋ ಎಂಬುದು ಒಂದೇ ಸಾಲಿನಿಂದ ಗೊತ್ತಾಗುವುದಿಲ್ಲ. ಹಿಂದುಮುಂದಿನ ಪ್ಯಾರಾ ಓದಿ ನಿರ್ಧರಿಸಿ.