ಕ್ರಿಸ್‌ಮಸ್ ಕ್ಯಾಕ್ಟಸ್ ಬೇಸಿಗೆಯಲ್ಲಿ ಬಾಡಿದರೆ ಮೊದಲು ಮಣ್ಣು ಮುಟ್ಟಿ ನೋಡಿ

ಗಿಡ ಕೆಂಪಗಾಗಿ ಜೋತುಬಿದ್ದಿದೆ, ಬಿಸಿಲಲ್ಲಿಟ್ಟು ದಿನಾ ನೀರು ಹಾಕಿದರೂ ಏಳುತ್ತಿಲ್ಲ ಅಂದಿದ್ದೀರಿ. ದಯವಿಟ್ಟು ಇವತ್ತು ನೀರು ಹಾಕಬೇಡಿ. ಬೆರಳನ್ನು ಒಂದು ಇಂಚು ಮಣ್ಣಿನೊಳಗೆ ಇಳಿಸಿ ನೋಡಿ.

ಈ ಗಿಡ ಬಾಯಾರಿದರೂ ಸುಕ್ಕಾಗುತ್ತದೆ, ಬೇರು ಕೊಳೆತರೂ ಸುಕ್ಕಾಗುತ್ತದೆ. ಕೊಳೆತ ಬೇರು ನೀರು ಎಳೆಯುವುದಿಲ್ಲ, ಅಲ್ವಾ? ಮಣ್ಣು ಒಣಗಿದ್ದರೆ ಕೆಳಗಿನ ತೂತಿನಿಂದ ಹರಿಯುವಷ್ಟು ನೀರು ಕೊಡಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಮಣ್ಣು ಒದ್ದೆಯಿದ್ದೂ ಗಿಡ ಮೆತ್ತಗಿದ್ದರೆ ಕುಂಡದಿಂದ ಬಿಡಿಸಿ. ಒಳ್ಳೆ ಬೇರು ಗಟ್ಟಿಯಾಗಿ, ತಿಳಿ ಬಣ್ಣಕ್ಕಿರುತ್ತದೆ. ಕೊಳೆತದ್ದನ್ನು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಬಂದು, ದಾರದಂಥ ನಾರು ಮಾತ್ರ ಉಳಿಯುತ್ತದೆ. ಅಂಥವನ್ನೆಲ್ಲ ಕತ್ತರಿಸಿ, ಹೊಸ ಮಣ್ಣಿಗೆ ಕೂರಿಸಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜೊತೆ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ದಪ್ಪ ಮರಳು ಧಾರಾಳವಾಗಿ ಸೇರಿಸಿ. ದೊಡ್ಡ ಕುಂಡ ಬೇಡವೇ ಬೇಡ. ಬೇರಿಗೆ ಇಕ್ಕಟ್ಟಾದರೂ ಪರವಾಗಿಲ್ಲ, ಜಾಸ್ತಿ ಮಣ್ಣಿದ್ದರೆ ತೇವ ಆರುವುದೇ ಇಲ್ಲ.

ಕೆಂಪಿಗೆ ಹೆಚ್ಚಾಗಿ ಬಿಸಿಲೇ ಕಾರಣ. ಹೆಸರು ಕ್ಯಾಕ್ಟಸ್ ಆದರೂ ಇದು ಮರುಭೂಮಿಯ ಗಿಡ ಅಲ್ಲ. ಆಗ್ನೇಯ ಬ್ರೆಜಿಲ್‌ನ ಕರಾವಳಿ ಬೆಟ್ಟಗಳ ಕಾಡಿನಲ್ಲಿ, ಮರದ ಕೊಂಬೆ ಮತ್ತು ಬಂಡೆಗಳ ಮೇಲೆ, ನೆರಳಿನಲ್ಲಿ ಬೆಳೆಯುವಂಥದ್ದು. ಹಾಗಾಗಿ ಮಧ್ಯಾಹ್ನದ ಬಿಸಿಲು ತಪ್ಪಿಸಿ. ಎಳೆ ಬಿಸಿಲು ಬೀಳುವ ಪೂರ್ವದ ಕಿಟಕಿ ಚೆನ್ನ. ಇಲ್ಲದಿದ್ದರೆ ಒಳ್ಳೆ ಬೆಳಕಿರುವ ನೆರಳು ಸಾಕು. ಜಾಗ ಬದಲಿಸಿದ ಮೇಲೆ ಹಸಿರು ನಿಧಾನವಾಗಿ ಮರಳುತ್ತದೆ, ಆದರೆ ಸುಟ್ಟು ಬಿಳಿಚಿದ ಕಲೆ ಹೋಗುವುದಿಲ್ಲ.

ಗೊಬ್ಬರ ಈಗಲೇ ಬೇಡ, ಬಾಡಿದ ಗಿಡಕ್ಕೆ ಅದು ಹೊರೆ. ಹೊಸ ಚಿಗುರು ಬಂದ ಮೇಲೆ ತಿಂಗಳಿಗೊಮ್ಮೆ, ಪೊಟ್ಟಣದ ಮೇಲೆ ಹೇಳಿದ್ದರ ಅರ್ಧ ಪ್ರಮಾಣ ಹಾಕಿ. ಮೊಗ್ಗು ಹಿಡಿಯುವ ಕಾಲ ಹತ್ತಿರವಾಗುತ್ತಿದ್ದಂತೆ ನಿಲ್ಲಿಸಿ. ಈಗ ಹೂ ಇಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ರಾತ್ರಿ ಉದ್ದವಾಗಿ, 12 ಗಂಟೆಗೂ ಜಾಸ್ತಿ ಕತ್ತಲು ಸಿಕ್ಕಿ, ಜೊತೆಗೆ ತಂಪೂ ಇದ್ದಾಗಲೇ ಇದು ಮೊಗ್ಗು ಹಿಡಿಯುವುದು.

ಬೇರು ತೀರಾ ಹೋಗಿದ್ದರೂ ಗಿಡವನ್ನು ಎಸೆಯಬೇಡಿ. ಗಟ್ಟಿಯಾಗಿ ಉಳಿದಿರುವ ತುದಿಗಳಲ್ಲಿ ಎರಡು ಮೂರು ಗೆಣ್ಣು ಸೇರಿಸಿ ತಿರುಚಿ, ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಒಂದೆರಡು ದಿನ ನೆರಳಲ್ಲಿಟ್ಟು ಗಾಯ ಒಣಗಿಸಿ. ಆಮೇಲೆ ಕೆಳಗಿನ ಗೆಣ್ಣು ಅರ್ಧ ಮುಚ್ಚುವಷ್ಟು ಆಳಕ್ಕೆ ನೆಡಿ. ಬೇರು ಬಂತಾ ಅಂತ ಸುಮ್ನೆ ಎಳೆದೆಳೆದು ನೋಡಬೇಡಿ, ತುದಿಯಲ್ಲಿ ಚಿಗುರು ಕಂಡರೆ ಬೇರು ಹಿಡಿದಿದೆ ಅಂತಲೇ ಲೆಕ್ಕ.