ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಪುಟ್ಟ ಮಕ್ಕಳೊಂದಿಗೆ ದೂರದ ಕಾರು ಪ್ರಯಾಣ

ಪ್ರಶ್ನೆ: ನಾಲ್ಕು ವರ್ಷದ ಮಗಳು ಕಾರು ಹತ್ತಿ ಒಂದು ಗಂಟೆಯೊಳಗೆ ವಾಂತಿ ಮಾಡಿಕೊಳ್ಳುತ್ತಾಳೆ. ಗಮನ ಬೇರೆಡೆ ಇರಲಿ ಎಂದು ಮೊಬೈಲಿನಲ್ಲಿ ಕಾರ್ಟೂನ್ ಹಾಕಿ ಕೊಡುತ್ತೇವೆ. ಹೊಟ್ಟೆ ಖಾಲಿ ಇಟ್ಟು ಹೊರಟರೂ ಅದೇ ಕಥೆ. ಮಾತ್ರೆ ಕೊಡಬಹುದೇ?

ಉತ್ತರ: ಮಾತ್ರೆಯ ವಿಷಯ ಆಮೇಲೆ. ಮೊದಲು ಮೊಬೈಲ್ ತೆಗೆದಿಡಿ, ಖಾಲಿ ಹೊಟ್ಟೆಯ ಪದ್ಧತಿಯನ್ನೂ ಬಿಡಿ. ಇವೆರಡೂ ವಾಂತಿಯನ್ನು ಹೆಚ್ಚಿಸುತ್ತವೆ.

ಕಾರು ತಿರುಗಿದ್ದು, ಬ್ರೇಕ್ ಬಿದ್ದದ್ದು, ಏರಿಳಿದದ್ದು ಎಲ್ಲವೂ ಒಳಕಿವಿಗೆ ತಿಳಿಯುತ್ತದೆ. ಕಣ್ಣು ಮಾತ್ರ ಕದಲದ ಪರದೆಯನ್ನು ನೋಡುತ್ತಿರುತ್ತದೆ. ಎರಡು ಕಡೆಯಿಂದಲೂ ಬೇರೆ ಬೇರೆ ಸುದ್ದಿ ಬಂದಾಗ ಮಿದುಳು ಗೊಂದಲಕ್ಕೆ ಬಿದ್ದು ಹೊಟ್ಟೆ ತೊಳಸುತ್ತದೆ. 2ರಿಂದ 12 ವರ್ಷದ ಮಕ್ಕಳಲ್ಲಿ ಈ ತೊಂದರೆ ಹೆಚ್ಚು. ಹಿಂದಿನ ಸೀಟಿನಲ್ಲಿ ಕುಳಿತ ಗಿಡ್ಡ ಮಗುವಿಗೆ ಎದುರಿನ ಸೀಟಿನ ಬೆನ್ನು ಬಿಟ್ಟರೆ ಬೇರೇನೂ ಕಾಣದಿರುವುದು ಇನ್ನೊಂದು ಕಾರಣ. ಮಧ್ಯದ ಜಾಗದಲ್ಲಿ ಮಕ್ಕಳ ಸೀಟನ್ನು ಭದ್ರವಾಗಿ ಕಟ್ಟುವ ವ್ಯವಸ್ಥೆ ಇದ್ದರೆ ಅಲ್ಲಿಗೆ ಬದಲಿಸಿ. ಮುಂದಿನ ಗಾಜಿನಿಂದ ದೂರದ ರಸ್ತೆ ಕಾಣುತ್ತದೆ. ಎತ್ತರ ಸಾಲದೆಂದು ಸೀಟಿನ ಕೆಳಗೆ ದಿಂಬು ಇಡಬೇಡಿ, ಹಿಡಿತ ಸಡಿಲವಾಗುತ್ತದೆ.

ಹೊರಡುವ ಒಂದು ಗಂಟೆ ಮೊದಲು ಎಣ್ಣೆ ಜಿಡ್ಡಿಲ್ಲದ ತಿಂಡಿ ಸ್ವಲ್ಪ ಕೊಡಿ. ದೊಡ್ಡ ಲೋಟದ ಹಾಲು ಬೇಡ. ಎ.ಸಿ.ಯಲ್ಲಿ ಒಳಗಿನ ಗಾಳಿಯೇ ಸುತ್ತುವ ಗುಂಡಿಯನ್ನು ಬಂದ್ ಮಾಡಿ ಹೊರಗಿನ ಗಾಳಿ ಬರಲು ಬಿಡಿ. ಕನ್ನಡಿಗೆ ತೂಗುಹಾಕಿದ ಸುಗಂಧದ ಡಬ್ಬಿಯನ್ನು ತೆಗೆಯಿರಿ. ಓಡಿಸುವವರು ತಿರುವಿಗೆ ಮೊದಲೇ ವೇಗ ಇಳಿಸಲಿ. ತಿರುವಿನೊಳಗೆ ಹೋಗಿ ಬ್ರೇಕ್ ಒತ್ತುವುದು ಹೊಟ್ಟೆಗೆ ಅತಿ ಕೆಟ್ಟದ್ದು.

ವಾಂತಿ ಮುನ್ಸೂಚನೆ ಕೊಟ್ಟೇ ಬರುತ್ತದೆ. ಮಾತಾಡುತ್ತಿದ್ದ ಮಗು ಸುಮ್ಮನಾಗುತ್ತದೆ, ಮೇಲಿಂದ ಮೇಲೆ ಆಕಳಿಸುತ್ತದೆ, ಮುಖ ಬಿಳಿಚಿ ಹಣೆಯ ಮೇಲೆ ಬೆವರು ಮೂಡುತ್ತದೆ, ಬಾಯಲ್ಲಿ ನೀರೂರುತ್ತದೆ. ನಾಲ್ಕು ವರ್ಷದವರಿಗೆ ‘ವಾಂತಿ ಬರುವ ಹಾಗಾಗುತ್ತಿದೆ’ ಎನ್ನಲು ಗೊತ್ತಿರುವುದಿಲ್ಲ, ‘ಹೊಟ್ಟೆ ನೋವು’ ಎನ್ನುತ್ತಾರೆ. ಈ ಲಕ್ಷಣ ಕಂಡೊಡನೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಕೆಳಗಿಳಿಸಿ ಹತ್ತು ನಿಮಿಷ ನಡೆಸಿ, ಒದ್ದೆ ಬಟ್ಟೆಯಿಂದ ಮುಖ ಒರೆಸಿ. ‘ಇನ್ನು ಸ್ವಲ್ಪ ದೂರ’ ಎಂದು ಮುಂದೆ ಹೋದರೆ ಸೀಟು ತೊಳೆಯುವ ಕೆಲಸ ಖಂಡಿತ. ಹಿಡಿಯಲು ಮುಚ್ಚಳವಿರುವ ಅಗಲ ಬಾಯಿಯ ಡಬ್ಬಿ ಒಳ್ಳೆಯದು. ಪ್ಲಾಸ್ಟಿಕ್ ಚೀಲವನ್ನು ಮಗುವಿನ ಕೈಯಲ್ಲಿ ಬಿಡಬೇಡಿ, ಉಸಿರುಗಟ್ಟುವ ಅಪಾಯವಿದೆ.

ವಾಂತಿಯಾದ ಮೇಲೆ ಹದಿನೈದು ನಿಮಿಷ ಏನೂ ಕೊಡದೆ, ನಂತರ ಓ.ಆರ್.ಎಸ್. ನೀರನ್ನು ಒಂದೊಂದು ಟೀ ಚಮಚ, ಅಂದರೆ 5 ಮಿ.ಲೀ., ಕೆಲವು ನಿಮಿಷಕ್ಕೊಮ್ಮೆ ಕುಡಿಸಿ. ಬಾಯಾರಿದೆ ಎಂದು ಗಟಗಟ ಕುಡಿಸಿದರೆ ಅದೂ ಹೊರಬರುತ್ತದೆ. ಕಾರು ನಿಂತು ಬಹಳ ಹೊತ್ತಾದರೂ ವಾಂತಿ ನಿಲ್ಲದಿದ್ದರೆ, ಜ್ವರ ಅಥವಾ ಜೋರು ತಲೆನೋವು ಜೊತೆಗಿದ್ದರೆ, ಅದನ್ನು ಪ್ರಯಾಣದ ವಾಂತಿ ಎಂದುಕೊಳ್ಳದೆ ವೈದ್ಯರಿಗೆ ತೋರಿಸಿ.

ಇಷ್ಟೆಲ್ಲ ಮಾಡಿಯೂ ನಿಲ್ಲದಿದ್ದರೆ ಮಾತ್ರೆ. ಮಕ್ಕಳ ವೈದ್ಯರು ತೂಕ ನೋಡಿ ಪ್ರಮಾಣ ಹೇಳಬೇಕು. ಹೊರಡುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಕೊಡಬೇಕಾದ ಔಷಧ ಅದು; ಹೊಟ್ಟೆ ತೊಳಸಲು ಶುರುವಾದ ಮೇಲೆ ಕೊಟ್ಟರೆ ಹೆಚ್ಚು ಪ್ರಯೋಜನವಿಲ್ಲ. ಸಾಮಾನ್ಯವಾಗಿ ನಿದ್ದೆ ತರಿಸಿದರೂ ಕೆಲವು ಮಕ್ಕಳು ಉಲ್ಟಾ ಚಡಪಡಿಸಿ ಕಿರುಚಾಡುತ್ತಾರೆ. ಹಾಗಾಗಿ ಮನೆಯಲ್ಲಿರುವ ದಿನವೇ ಒಮ್ಮೆ ಕೊಟ್ಟು ನೋಡಬಹುದೇ ಎಂದು ವೈದ್ಯರನ್ನು ಕೇಳಿ. ಪ್ರೊಮೆಥಜೀನ್ ಇರುವ ಔಷಧವನ್ನು 2 ವರ್ಷದೊಳಗಿನವರಿಗೆ ಕೊಡಲೇಬಾರದು, ಉಸಿರಾಟಕ್ಕೆ ಅಪಾಯ.

ಪ್ರಶ್ನೆ: ಮಕ್ಕಳ ಸೀಟಿಗೆ ವಾಂತಿ ಹತ್ತಿ ಒಣಗಿದೆ. ಎಷ್ಟು ತೊಳೆದರೂ ವಾಸನೆ ಹೋಗುತ್ತಿಲ್ಲ.

ಉತ್ತರ: ಬಿಸಿನೀರು ಬಳಸಿದ್ದರೆ ನಿಲ್ಲಿಸಿ, ಬಿಸಿಗೆ ಕಲೆ ಇನ್ನಷ್ಟು ಹಿಡಿದುಕೊಳ್ಳುತ್ತದೆ. ಹೊದಿಕೆ ಬಿಚ್ಚುವ ಮುನ್ನ ಪಟ್ಟಿಗಳು ಯಾವ ತೂತಿನಿಂದ ಹೇಗೆ ಹೋಗಿವೆ ಎಂದು ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ತೊಳೆದ ಮೇಲೆ ತಪ್ಪಾಗಿ ಪೋಣಿಸುವುದು ತೀರಾ ಸಾಮಾನ್ಯ. ಒಣಗಿದ್ದನ್ನು ಚಮಚದ ಅಂಚಿನಿಂದ ಕೆರೆದು, ತಣ್ಣೀರು ಮತ್ತು ಸೌಮ್ಯ ಸೋಪಿನಲ್ಲಿ ಅದ್ದಿದ ಬಟ್ಟೆಯನ್ನು ಒತ್ತಿ ಒತ್ತಿ ತೆಗೆಯಿರಿ. ಉಜ್ಜಿದರೆ ಒಳಕ್ಕೆ ಇಳಿಯುತ್ತದೆ. ಕಾರಿನ ಸೀಟಿಗೂ ತಗುಲಿದ್ದರೆ ಅಲ್ಲಿ ಅಡುಗೆ ಸೋಡಾ ಧಾರಾಳವಾಗಿ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ.

ಸೀಟಿನ ಪಟ್ಟಿಗಳನ್ನು ನೆನೆಹಾಕುವುದು, ವಾಷಿಂಗ್ ಮಷಿನ್‌ಗೆ ಹಾಕುವುದು, ಬ್ಲೀಚ್ ಹಚ್ಚುವುದು ಕೂಡದು. ನೂಲಿನ ಬಲ ಕುಂದುತ್ತದೆ, ನೋಡಲು ಮಾತ್ರ ಮೊದಲಿನಂತೆಯೇ ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸಿ. ಬಕಲ್‌ನೊಳಗೆ ಅಂಟು ಸೇರಿದರೆ ‘ಟಕ್’ ಎಂದು ಕೂರುವುದಿಲ್ಲ. ಅದನ್ನು ಸೀಟಿನ ಕೈಪಿಡಿಯಲ್ಲಿ ಹೇಳಿದಂತೆ ಸ್ವಚ್ಛ ಮಾಡಿ, ಎಣ್ಣೆ ಮಾತ್ರ ಬಿಡಬೇಡಿ.

ಪ್ರಶ್ನೆ: ಏಳು ತಿಂಗಳ ಮಗುವಿನೊಂದಿಗೆ ಒಂಬತ್ತು ಗಂಟೆಯ ದಾರಿ ಹೋಗಬೇಕು. ಅತ್ತಾಗ ಸ್ವಲ್ಪ ಹೊತ್ತು ಮಡಿಲಿಗೆ ತೆಗೆದುಕೊಂಡು ಹಾಲು ಕೊಟ್ಟರೆ ತಪ್ಪೇ?

ಉತ್ತರ: ಓಡುವ ಕಾರಿನಲ್ಲಿ ಒಂದು ನಿಮಿಷಕ್ಕೂ ಬೇಡ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಅಪಘಾತವಾದರೆ ಮಗುವಿನ ಮೇಲೆ ಬೀಳುವ ಬಲ ಅದರ ತೂಕದ 20ರಿಂದ 30 ಪಟ್ಟು ಆಗಬಹುದು. 8 ಕೆ.ಜಿ. ಮಗುವನ್ನು ಆ ಕ್ಷಣ ಹಿಡಿದಿಡುವ ಶಕ್ತಿ ಯಾವ ತಾಯಿಯ ತೋಳಿಗೂ ಇಲ್ಲ. ತಾಯಿಯ ಬೆಲ್ಟನ್ನೇ ಮಗುವಿಗೂ ಸೇರಿಸಿ ಹಾಕುವುದು ಇನ್ನೂ ಅಪಾಯಕಾರಿ. ತಾಯಿಯ ಮೈ ಮತ್ತು ಬೆಲ್ಟಿನ ನಡುವೆ ಮಗು ನಜ್ಜುಗುಜ್ಜಾಗುತ್ತದೆ. ಅಳು ಕೇಳಲಾಗದಿದ್ದರೆ ಕಾರು ನಿಲ್ಲಿಸಿ ಹಾಲು ಕೊಡಿ, ತೇಗು ಬರಿಸಿ, ಮತ್ತೆ ಕೂರಿಸಿ.

ಮಗುವಿನ ಸೀಟು ಕಾರಿನ ಹಿಂಬದಿಗೆ ಮುಖ ಮಾಡಿರಬೇಕು. ಚಾಲೂ ಇರುವ ಏರ್‌ಬ್ಯಾಗ್‌ನ ಮುಂದೆ ಅದನ್ನು ಇಡಲೇಬಾರದು. ಭುಜದ ಪಟ್ಟಿ ಹೊರಡುವ ತೂತು ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗಿರಲಿ. ಭುಜದ ಬಳಿ ಪಟ್ಟಿಯನ್ನು ಎರಡು ಬೆರಳಿನಲ್ಲಿ ಚಿವುಟಿದಾಗ ಮಡಿಕೆ ಸಿಕ್ಕರೆ ಇನ್ನೂ ಬಿಗಿ ಬೇಕು. ದಪ್ಪ ಸ್ವೆಟರ್ ತೆಗೆದು ಪಟ್ಟಿ ಹಾಕಿ, ಮೇಲೆ ಹೊದಿಕೆ ಹೊದಿಸಿ. ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲುಗಾಡಿಸಿದಾಗ ಸೀಟು 2.5 ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು.

ಈ ವಯಸ್ಸಿನವರನ್ನು ಒಂದೇ ಸಮನೆ ಎರಡು ಗಂಟೆಗಿಂತ ಹೆಚ್ಚು ಸೀಟಿನಲ್ಲಿ ಕೂರಿಸಬೇಡಿ. ನಿದ್ದೆಯಲ್ಲಿ ಗಲ್ಲ ಎದೆಗೆ ತಾಗಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಒಬ್ಬರು ಪಕ್ಕದಲ್ಲೇ ಕುಳಿತು ಅದನ್ನು ಗಮನಿಸುತ್ತಿರಬೇಕು. ಪ್ರತಿ ಬಿಡುವಿನಲ್ಲಿ ಅರ್ಧ ಗಂಟೆ ಸಮತಟ್ಟಾದ ಜಾಗದಲ್ಲಿ ಬೆನ್ನ ಮೇಲೆ ಮಲಗಿಸಿ ಕೈಕಾಲು ಆಡಿಸಲು ಬಿಡಿ. ಹೀಗೆ ಲೆಕ್ಕ ಹಾಕಿದರೆ ನಿಮ್ಮ ಒಂಬತ್ತು ಗಂಟೆ ಹನ್ನೊಂದಾಗುತ್ತದೆ. ಎರಡು ದಿನಕ್ಕೆ ಹಂಚಿಕೊಳ್ಳಿ ಎಂಬುದು ನಮ್ಮ ಸಲಹೆ.

ಪ್ರಶ್ನೆ: ಮೂರು ಮತ್ತು ಆರು ವರ್ಷದ ಇಬ್ಬರು ಮಕ್ಕಳು. ಕಾರು ಹತ್ತಿದರೆ ಜಗಳ, ಚಿಕ್ಕವನು ಬೆಲ್ಟ್ ಬಿಚ್ಚುತ್ತಾನೆ, ಐದು ನಿಮಿಷಕ್ಕೊಮ್ಮೆ ‘ಇನ್ನೆಷ್ಟು ಹೊತ್ತು?’ ಯಜಮಾನರು ಕಾರು ಓಡಿಸುತ್ತಲೇ ಹಿಂದೆ ತಿರುಗಿ ಗದರುತ್ತಾರೆ.

ಉತ್ತರ: ಮೊದಲು ಅದನ್ನು ನಿಲ್ಲಿಸಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಎರಡು ಸೆಕೆಂಡ್ ಹಿಂದೆ ತಿರುಗಿದರೆ 55 ಮೀಟರ್ ದಾರಿಯನ್ನು ನೋಡದೆ ಓಡಿಸಿದಂತೆ.

ಹಿಂದಿನ ಬಾಗಿಲಿನ ಅಂಚಿನಲ್ಲಿರುವ ಚೈಲ್ಡ್ ಲಾಕ್ ಹಾಕಿ, ನೀವೇ ಒಳಗೆ ಕುಳಿತು ಬಾಗಿಲು ತೆರೆಯದಿರುವುದನ್ನು ಖಚಿತಪಡಿಸಿಕೊಳ್ಳಿ. ಕಿಟಕಿಯ ಲಾಕ್ ಚಾಲಕರ ಬಾಗಿಲಿನಲ್ಲಿರುತ್ತದೆ. ಮಗ ಬೆಲ್ಟ್ ಬಿಚ್ಚಿದಾಗಲೆಲ್ಲ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಬೈಯದೆ ಮತ್ತೆ ಹಾಕಿ, ಹಾಕಿದ ಮೇಲೆ ಮಾತ್ರ ಹೊರಡಿ. ಮೊದಲ ಕೆಲವು ಬಾರಿ ತುಂಬ ಸಮಯ ಹೋಗುತ್ತದೆ, ಆದರೂ ಒಮ್ಮೆಯೂ ಸಡಿಲ ಬಿಡಬೇಡಿ. ಜೊತೆಗೆ ಕಾರಣವನ್ನೂ ಹುಡುಕಿ: ಪಟ್ಟಿ ಕತ್ತಿಗೆ ಉಜ್ಜುತ್ತಿರಬಹುದು, ಬಿಸಿಲು ನೇರ ಮುಖಕ್ಕೆ ಬೀಳುತ್ತಿರಬಹುದು.

ಬಹುಪಾಲು ಜಗಳ ಕಾಲಿಗೆ ಓಟ ಸಿಗದ್ದರಿಂದ ಹುಟ್ಟುತ್ತದೆ. ಎರಡು ಗಂಟೆಗೊಮ್ಮೆ ಕನಿಷ್ಠ ಇಪ್ಪತ್ತು ನಿಮಿಷ ನಿಲ್ಲಿಸಿ, ಮೊದಲು ಓಟ, ಆಮೇಲೆ ಶೌಚ, ಕೊನೆಗೆ ತಿಂಡಿ. ಸಾಮಾನ್ಯವಾಗಿ ದೊಡ್ಡವರು ಇಳಿದ ಕೂಡಲೇ ತಿನ್ನಲು ಕೂರುತ್ತಾರೆ. ಸೀಟಿನಿಂದ ಇಳಿದ ಮಗುವಿಗೆ ಅದು ಇನ್ನೊಂದು ಸೀಟು ಅಷ್ಟೇ. ಓಡುವ ಕಾರಿನಲ್ಲಿ ತಿನ್ನಿಸಬೇಡಿ, ಗಂಟಲಿಗೆ ಸಿಕ್ಕಿಕೊಂಡರೆ ಮುಂದಿನವರಿಗೆ ತಿಳಿಯುವುದಿಲ್ಲ. ‘ಶೌಚಕ್ಕೆ ಹೋಗಬೇಕಾ?’ ಎಂದು ಕೇಳುವ ಬದಲು ಸುಮ್ಮನೆ ಕರೆದುಕೊಂಡು ಹೋಗಿ, ಕೇಳಿದರೆ ‘ಬೇಡ’ ಎಂದೇ ಹೇಳುತ್ತಾರೆ. ಡಿಕ್ಕಿಯಲ್ಲಿ ಚಿಕ್ಕ ಪಾಟಿ ಇಟ್ಟು ಅದರೊಳಗೆ ಒಂದು ಡೈಪರ್ ಹಾಸಿದರೆ ಚೆಲ್ಲುವ ಭಯವಿಲ್ಲ.

ಮೂರು ವರ್ಷದವನಿಗೆ ‘ಎರಡು ಗಂಟೆ’ ಎಂದರೆ ಏನೂ ಅರ್ಥವಾಗದು. ಉದ್ದನೆಯ ಕಾಗದದ ಪಟ್ಟಿಯಲ್ಲಿ ನಿಲ್ಲುವ ಜಾಗಗಳಿಗೆ ಒಂದೊಂದು ಚಿತ್ರ ಬರೆದು, ಪ್ರತಿ ಬಿಡುವಿನಲ್ಲಿ ಒಂದನ್ನು ಅವನ ಕೈಯಿಂದಲೇ ಹರಿಸಿ. ಆಟಿಕೆಗಳನ್ನು ಒಟ್ಟಿಗೆ ಸುರಿಯದೆ ಮುಕ್ಕಾಲು ಗಂಟೆಗೊಂದರಂತೆ ಕೊಡಿ, ಮೆತ್ತನೆಯವೇ ಇರಲಿ; ಜೋರಾಗಿ ಬ್ರೇಕ್ ಬಿದ್ದಾಗ ಗಟ್ಟಿ ಆಟಿಕೆ, ತುಂಬಿದ ಬಾಟಲಿ ಕಲ್ಲೆಸೆದಂತೆ ಹಾರುತ್ತವೆ. ಮೇಣದ ಬಣ್ಣದ ಕಡ್ಡಿ ಬೇಡ, ನಿಂತ ಕಾರಿನ ಬಿಸಿಗೆ ಕರಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಕಿವಿಗೆ ಕೇಳಿಸುವ ಕಥೆ, ಕಣ್ಣು ಹೊರಗೇ ಇರುತ್ತದೆ.

ಪ್ರಶ್ನೆ: ರಾತ್ರಿ ಹೊರಟರೆ ಮಕ್ಕಳು ಮಲಗಿರುತ್ತಾರೆ, ಅದೇ ಸುಲಭವಲ್ಲವೇ?

ಉತ್ತರ: ಮಕ್ಕಳಿಗೆ ಸುಲಭ, ಓಡಿಸುವವರಿಗಲ್ಲ. ನಡುರಾತ್ರಿಯಿಂದ ಬೆಳಗಿನ ಆರರವರೆಗೆ ದೇಹ ನಿದ್ದೆಗೆ ಎಳೆಯುತ್ತದೆ. ಹಿಂದಿನ ರಾತ್ರಿ ಬೇಗ ಮಲಗಿ ಏಳು ಗಂಟೆ ನಿದ್ದೆ ಮಾಡಿ ಬೆಳಕು ಹರಿಯುವಾಗ ಹೊರಡುವುದು ಮೇಲು; ಮಕ್ಕಳನ್ನು ರಾತ್ರಿಯುಡುಪಿನಲ್ಲೇ ಕೂರಿಸಿದರೆ ಇನ್ನೊಂದು ಗಂಟೆ ಮಲಗುತ್ತಾರೆ. ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ದೀರ್ಘವಾದ ನೇರ ರಸ್ತೆ ಬರುವಂತೆ ಯೋಜಿಸಿ.

ನಿದ್ದೆ ಹತ್ತಿದ ಮಗುವನ್ನು ಎಬ್ಬಿಸಬಾರದೆಂದು ಕಾರಿನಲ್ಲೇ ಬಿಟ್ಟು ಐದು ನಿಮಿಷಕ್ಕೂ ಇಳಿಯಬೇಡಿ. ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು, ಕಿಟಕಿ ಬೆರಳಷ್ಟು ತೆರೆದಿಟ್ಟರೂ ಹೆಚ್ಚು ವ್ಯತ್ಯಾಸವಿಲ್ಲ. ಮಗುವಿನ ಮೈ ದೊಡ್ಡವರಿಗಿಂತ 3ರಿಂದ 5 ಪಟ್ಟು ಬೇಗ ಬಿಸಿಯಾಗುತ್ತದೆ. ದಣಿದ ಚಾಲಕರಿಗೆ ಹಿಂದೆ ಮಲಗಿರುವ ಮಗು ಮರೆತುಹೋಗುವುದೂ ಉಂಟು. ನಿಮ್ಮ ಪರ್ಸು ಅಥವಾ ಕೈಚೀಲವನ್ನು ಮಗುವಿನ ಪಕ್ಕದಲ್ಲೇ ಇಡಿ, ಇಳಿಯುವಾಗ ಹಿಂದಿನ ಬಾಗಿಲು ತೆಗೆಯಲೇಬೇಕಾಗುತ್ತದೆ.