ಕಲ್ಲಿದ್ದಲು ಗಣಿ ಕಾರ್ಮಿಕರ ಮನಸ್ಸು ಅಷ್ಟು ಗಟ್ಟಿ ಹೇಗೆ?

ಪಣಂಬೂರು ಬಂದರಿನಲ್ಲಿ ಕಲ್ಲಿದ್ದಲು ಇಳಿಸುವುದನ್ನು ನೋಡಿ ಕೇಳಿದ್ದೀರಿ: ಇದನ್ನು ಅಗೆಯುವವರು ದಿನಾ ಆ ಭಯವನ್ನು ಹೇಗೆ ತಾಳಿಕೊಳ್ಳುತ್ತಾರೆ?

ಹುಟ್ಟು ಧೈರ್ಯ ಸ್ವಲ್ಪ ಇರಬಹುದು. ಜಾಸ್ತಿ ಬಲ ಬರುವುದು ಜೊತೆಗಾರರಿಂದ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟಿನವರ ಹಾಗೆ, ಪಕ್ಕದವನನ್ನು ನಂಬಿಯೇ ಇಳಿಯಬೇಕು.

1989ರಲ್ಲಿ ಪಶ್ಚಿಮ ಬಂಗಾಳದ ರಾಣಿಗಂಜ್‌ನಲ್ಲಿ ಗಣಿಗೆ ನೀರು ನುಗ್ಗಿತು. ಇಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ಉಕ್ಕಿನ ಕ್ಯಾಪ್ಸೂಲ್‌ನಲ್ಲಿ ತಾವೇ ಕೆಳಗಿಳಿದರು. ಸಿಕ್ಕಿಬಿದ್ದಿದ್ದ 65 ಮಂದಿಯನ್ನು ಒಬ್ಬೊಬ್ಬರಾಗಿ ಮೇಲೆ ಕಳಿಸಿ ಕೊನೆಗೆ ಬಂದರು. ‘ನಮ್ಮನ್ನು ಬಿಟ್ಟು ಹೋಗಲ್ಲ’ ಎಂಬ ನಂಬಿಕೆ ಹುಟ್ಟುವುದು ಹೀಗೇ ಅಲ್ವಾ?

ಗಣಿಯಲ್ಲಿ ಸೇರಿಕೊಂಡು ಸ್ಫೋಟಿಸಬಲ್ಲ ಮೀಥೇನ್ ಅನಿಲದ ತಪಾಸಣೆ, ಚಾವಣಿ ಕುಸಿಯದಂತೆ ಕೊಡುವ ಆಸರೆ ಸರಿಯಿದ್ದರೂ ಭಯ ತಗ್ಗುತ್ತದೆ. ಆದರೆ ಪಾಳಿ ಬದಲಾಗುತ್ತಾ ನಿದ್ದೆ ಕೆಟ್ಟರೆ ಎಂಥ ಗಟ್ಟಿಗನೂ ಕುಗ್ಗುತ್ತಾನೆ. ಅಲ್ಲಿ ಬೇಕಾದ್ದು ರಜೆ, ಸುಮ್ನೆ ಧೈರ್ಯದ ಭಾಷಣ ಅಲ್ಲ.